ಲೀಸ್ ಮುಗಿದ ಕಾರನ್ನೇ ಕೊಳ್ಳಬಹುದೆ?

ಶೋರೂಮಿಗೆ ಹೋಗುವ ಮೊದಲು, ಈಗ ಓಡಿಸುತ್ತಿರುವ ಕಾರನ್ನೇ ಉಳಿಕೆ ಬೆಲೆಗೆ ಕೊಳ್ಳಲು ಲೀಸ್ ಕರಾರು ಬಿಡುತ್ತದೆಯೇ ನೋಡಿ. ಮಂಗಳೂರಿನಲ್ಲಿ ಕಾರಿನ ಆಯುಷ್ಯ ತಿನ್ನುವುದು ಓಡಿದ ಕಿಲೋಮೀಟರಿಗಿಂತ ಹೆಚ್ಚಾಗಿ ಉಪ್ಪುಗಾಳಿ, ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಸುರಿಯುವ ಮಳೆ. ತುಕ್ಕು ಹಿಡಿಯುವುದು ತಳದಲ್ಲಿ, ಬಾಗಿಲಿನ ಅಂಚಿನಲ್ಲಿ. ಪಾಲಿಶ್ ಮಾಡಿದ ಮೈ ಅದನ್ನು ತೋರಿಸುವುದಿಲ್ಲ. ಬೇರೆಯವರ ಹಳೆ ಕಾರು ಎಲ್ಲಿ ನೀರಲ್ಲಿ ನಿಂತಿತ್ತೋ ತಿಳಿಯದು, ನಿಮ್ಮ ಕಾರಿನ ಚರಿತ್ರೆ ನಿಮಗೆ ಗೊತ್ತು.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆಯಲ್ಲ, ಹೊಸದೇ ಲಾಭವಲ್ಲವೇ ಎನ್ನಬಹುದು. ಆದರೆ ಹೊಸ ಕಾರಿಗೆ ರಾಜ್ಯದ ಜೀವಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕು. ಕರ್ನಾಟಕದಲ್ಲೇ ನೋಂದಣಿಯಾದ ಹಳೆ ಕಾರಿಗೆ ಅದು ಕಟ್ಟಿ ಮುಗಿದಿರುತ್ತದೆ. ವಾರಂಟಿ ಮುಗಿದಿದ್ದರೆ ರಿಪೇರಿಗೆಂದು ಸ್ವಲ್ಪ ಹಣ ತೆಗೆದಿಡಿ. ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ಪರೀಕ್ಷಿಸಿದಾಗ ತಳದ ಚೌಕಟ್ಟೇ ತುಕ್ಕು ತಿಂದಿದ್ದರೆ ಮಾತ್ರ ಖಂಡಿತ ಹಿಂದಿರುಗಿಸಿಬಿಡಿ.