ಕಿಸೆಯ ಕ್ಯಾಮರಾ ಮತ್ತು ಬೆಳಕಿನ ಲೆಕ್ಕ

ಕೆಲವು ವರ್ಷಗಳ ಹಿಂದೆ ನಾವು ಹತ್ತಾರು ಮಂದಿ ವಿದ್ಯಾರ್ಥಿಗಳೊಡನೆ ಬಾದಾಮಿಗೆ ಹೋಗಿದ್ದೆವು. ಕಾಲೇಜಿನಲ್ಲಿ ನಮಗೆ ಇತಿಹಾಸವನ್ನು ಕಲಿಸಿದ್ದ ವೃದ್ಧ ಗುರುಗಳೊಬ್ಬರು ಅಂದು ನಮ್ಮ ಜೊತೆಗಿದ್ದರು. ಮೂರನೆಯ ಗುಹೆಯಲ್ಲಿ, ಕ್ರಿ.ಶ. 578ರ ಮಂಗಳೇಶನ ಶಾಸನದ ಮುಂದೆ ನಿಂತು, ಅಕ್ಷರಗಳತ್ತ ಬೆರಳು ತೋರಿಸಿ, ಅವರು ಒಂದೊಂದೇ ಪದವನ್ನು ಬಿಡಿಸಿ ಹೇಳುತ್ತಿದ್ದರು. ಹೊತ್ತು ಇಳಿಯುತ್ತಿತ್ತು. ನಾವು ಹೊಸದಾಗಿ ಕೊಂಡಿದ್ದ ಪುಟ್ಟ ಡಿಜಿಟಲ್ ಕ್ಯಾಮರಾವನ್ನು ಕಿಸೆಯಿಂದ ತೆಗೆದು, ದೂರದಲ್ಲಿಯೇ ನಿಂತು, ಜೂಮನ್ನು ಪೂರ್ತಿಯಾಗಿ ಚಾಚಿ ಚಿತ್ರ ತೆಗೆದೆವು. ಕ್ಯಾಮರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಅದು ಸೊಗಸಾಗಿಯೇ ಕಂಡಿತು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ ಗುರುಗಳ ಮುಖ ಮಂಜಿನ ಮುದ್ದೆಯಾಗಿತ್ತು. ಶಾಸನದ ಒಂದಕ್ಷರವೂ ಓದಲು ಬಾರದು. ಚಿತ್ರದ ತುಂಬ ಬಣ್ಣದ ರವೆಯನ್ನು ಚೆಲ್ಲಿದಂತಿತ್ತು. ಎರಡು ವರ್ಷಗಳ ತರುವಾಯ ಗುರುಗಳು ತೀರಿಕೊಂಡರು. ಆ ಸಂಜೆಯ ಬೇರೆ ಚಿತ್ರ ನಮ್ಮಲ್ಲಿಲ್ಲ.

ಕ್ಯಾಮರಾ ಬಂದಿದ್ದ ಪೆಟ್ಟಿಗೆಯ ಮೇಲೆ ‘2 ಕೋಟಿ ಪಿಕ್ಸೆಲ್, 30 ಪಟ್ಟು ಜೂಮ್’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಮಗೆ ಬೇಕಾಗಿದ್ದ ಸಂಖ್ಯೆ ಅದಾಗಿರಲಿಲ್ಲ. ಕ್ಯಾಮರಾ ಎಷ್ಟು ಬೆಳಕನ್ನು ಸಂಗ್ರಹಿಸಬಲ್ಲದು ಎಂಬುದೇ ಮುಖ್ಯವಾದ ಲೆಕ್ಕ. ಈ ಲೆಕ್ಕವನ್ನು ಅರಿತವನು ಅಗ್ಗದ ಕ್ಯಾಮರಾದಿಂದಲೂ ಒಳ್ಳೆಯ ಚಿತ್ರವನ್ನು ತರುತ್ತಾನೆ. ಅರಿಯದೆ ಹೋದ ನಮ್ಮ ಪಾಡು ಮೇಲೆ ಹೇಳಿದಂತಾಯಿತು.

ಮೊದಲು ಈ ಯಂತ್ರದ ಒಳಗೆ ಏನು ನಡೆಯುತ್ತದೆಂಬುದನ್ನು ನೋಡೋಣ. ಹಿಂದಿನ ಕ್ಯಾಮರಾಗಳಲ್ಲಿ ಮಸೂರದ ಹಿಂದೆ ಬೆಳ್ಳಿಯ ಲವಣಗಳನ್ನು ಲೇಪಿಸಿದ ಫಿಲ್ಮು ಇರುತ್ತಿತ್ತು. ಡಿಜಿಟಲ್ ಕ್ಯಾಮರಾದಲ್ಲಿ ಅದರ ಸ್ಥಾನದಲ್ಲಿ ಸಿಲಿಕಾನಿನ ತೆಳುವಾದ ಬಿಲ್ಲೆಯೊಂದಿರುತ್ತದೆ. ಇದನ್ನು ಸಂವೇದಕವೆನ್ನುತ್ತಾರೆ. ಬೆಳಕಿನ ಕಣವಾದ ಫೋಟಾನು ಸಿಲಿಕಾನಿನ ಮೇಲೆ ಬಿದ್ದಾಗ ಅಲ್ಲಿ ಒಂದು ಎಲೆಕ್ಟ್ರಾನು ಬಿಡುಗಡೆಯಾಗುತ್ತದೆ. ಬಿಲ್ಲೆಯನ್ನು ಲಕ್ಷಾಂತರ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದು ಚೌಕದಲ್ಲಿಯೂ ಎಷ್ಟು ಎಲೆಕ್ಟ್ರಾನುಗಳು ಕೂಡಿದುವೆಂದು ಎಣಿಸಿದರೆ, ಆ ಸಂಖ್ಯೆಗಳ ಪಟ್ಟಿಯೇ ಚಿತ್ರ. ಈ ಚೌಕಗಳೇ ಪಿಕ್ಸೆಲ್‌ಗಳು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬವರು ಇಂತಹ ಸಾಧನಕ್ಕೆ ಅಡಿಗಲ್ಲನ್ನಿಟ್ಟರು. 2009ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. 1975ರಲ್ಲಿ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರು ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾದ ತೂಕ ಸುಮಾರು 3.6 ಕಿಲೋಗ್ರಾಂ, ಪಿಕ್ಸೆಲ್‌ಗಳು ಕೇವಲ 10,000. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆಯಲು ಅದಕ್ಕೆ 23 ಸೆಕೆಂಡುಗಳು ಬೇಕಾಗುತ್ತಿದ್ದುವು. ಅದನ್ನು ಕಿಸೆಯಲ್ಲಿಡುವುದಂತೂ ದೂರದ ಮಾತು!

ಸಿಲಿಕಾನಿಗೆ ಬಣ್ಣದ ಪರಿವೆಯಿಲ್ಲ. ಅದು ಬೆಳಕಿನ ಮೊತ್ತವನ್ನು ಮಾತ್ರ ಬಲ್ಲದು. ಆದಕಾರಣ ಕೊಡಕ್ ಸಂಸ್ಥೆಯವರೇ ಆದ ಬ್ರೈಸ್ ಬೇಯರ್ ಪಿಕ್ಸೆಲ್‌ಗಳ ಮೇಲೆ ಬಣ್ಣದ ಶೋಧಕಗಳನ್ನು ಹೊದಿಸುವ ಉಪಾಯವನ್ನು ಕಂಡುಹಿಡಿದರು. ಅರ್ಧ ಪಾಲು ಹಸಿರು, ಕಾಲು ಪಾಲು ಕೆಂಪು, ಕಾಲು ಪಾಲು ನೀಲಿ. ಪ್ರತಿಯೊಂದು ಪಿಕ್ಸೆಲ್ಲೂ ಅಳೆಯುವುದು ಒಂದೇ ಬಣ್ಣವನ್ನು. ಉಳಿದೆರಡನ್ನು ಕ್ಯಾಮರಾದ ಗಣಕವು ನೆರೆಹೊರೆಯ ಪಿಕ್ಸೆಲ್‌ಗಳನ್ನು ನೋಡಿ ಊಹಿಸುತ್ತದೆ. ಅಂದರೆ 2 ಕೋಟಿ ಪಿಕ್ಸೆಲ್‌ಗಳ ಚಿತ್ರದಲ್ಲಿ ಬಣ್ಣದ ಮಾಹಿತಿಯ ಮೂರರಲ್ಲಿ ಎರಡು ಪಾಲು ಊಹೆಯೇ!

ಇನ್ನು ಅಳತೆಯ ವಿಷಯ. ಕಿಸೆಯ ಕ್ಯಾಮರಾಗಳಲ್ಲಿ ಬಹುಪಾಲಿನ ಸಂವೇದಕದ ಅಗಲ ಸುಮಾರು 6.2 ಮಿಲಿಮೀಟರು, ಎತ್ತರ 4.6 ಮಿಲಿಮೀಟರು. ನಮ್ಮ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಕ್ಷೇತ್ರಫಲ ಹೆಚ್ಚುಕಡಮೆ 28 ಚದರ ಮಿಲಿಮೀಟರು. ಹಳೆಯ 35 ಮಿಲಿಮೀಟರ್ ಫಿಲ್ಮಿನ ಒಂದು ಚೌಕಟ್ಟು 36ಕ್ಕೆ 24, ಎಂದರೆ 864 ಚದರ ಮಿಲಿಮೀಟರು; ಅದು ಇದರ ಮೂವತ್ತು ಪಟ್ಟು. ವ್ಯಾಪಾರಿಗಳು ಈ ಪುಟ್ಟ ಸಂವೇದಕವನ್ನು ‘1/2.3 ಅಂಗುಲ’ದ್ದೆಂದು ಕರೆಯುತ್ತಾರೆ. ವಿದ್ಯಾರ್ಥಿಗಳು ಅಳತೆಪಟ್ಟಿಯನ್ನು ಹಿಡಿದು ನೋಡಿದರೆ ಅದರ ಯಾವ ಬದಿಯಾಗಲಿ ಕರ್ಣವಾಗಲಿ ಅಷ್ಟು ಉದ್ದವಿರುವುದಿಲ್ಲ. ಹಿಂದೆ ದೂರದರ್ಶನದ ಕ್ಯಾಮರಾಗಳಲ್ಲಿದ್ದ ಗಾಜಿನ ನಳಿಗೆಯ ಹೊರವ್ಯಾಸದ ಲೆಕ್ಕದಿಂದ ಉಳಿದುಬಂದ ಹೆಸರಿದು. ನಳಿಗೆ ಹೋಗಿ ಎಷ್ಟೋ ಕಾಲವಾಯಿತು. ಕೊಳ್ಳುವವರನ್ನು ದಿಕ್ಕು ತಪ್ಪಿಸುವ ಹೆಸರು ಮಾತ್ರ ಹೋಗಲಿಲ್ಲ.

ಚಿಕ್ಕ ಸಂವೇದಕದಿಂದ ತೊಂದರೆಯೇನು? ಬೇಸಗೆಯ ಕೊನೆಯಲ್ಲಿ ಅಂಗಳದ ಹಾಸುಗಲ್ಲುಗಳ ಮೇಲೆ ಮೊದಲ ಮಳೆಯ ಹನಿಗಳು ಬೀಳುವುದನ್ನು ವಾಚಕರು ನೋಡಿರಬಹುದು. ಒಂದು ಕಲ್ಲಿನ ಮೇಲೆ ನಾಲ್ಕು ಹನಿ, ಪಕ್ಕದ ಕಲ್ಲಿನ ಮೇಲೆ ಒಂದು, ಅದರಾಚೆಯದರ ಮೇಲೆ ಒಂದೂ ಇಲ್ಲ. ಮಳೆ ಜೋರಾಗಿ ಸುರಿದ ಮೇಲೆ ಈ ತಾರತಮ್ಯ ಕಾಣದು. ಎಲ್ಲ ಕಲ್ಲುಗಳೂ ಒಂದೇ ಸಮನೆ ನೆನೆದಿರುತ್ತವೆ. ಫೋಟಾನುಗಳ ಸುರಿತವೂ ಹೀಗೆಯೇ. ಸರಾಸರಿ 3,600 ಫೋಟಾನುಗಳು ಬೀಳುವ ಪಿಕ್ಸೆಲ್‌ಗಳಲ್ಲಿ ಎಣಿಕೆಯು ಅದರ ವರ್ಗಮೂಲದಷ್ಟು, ಎಂದರೆ 60ರಷ್ಟು, ಆಚೀಚೆಯಾಗುತ್ತದೆ. ಇದು ನೂರಕ್ಕೆ ಎರಡಕ್ಕಿಂತಲೂ ಕಡಮೆ, ಕಣ್ಣಿಗೆ ತಿಳಿಯದು. ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿದು 225 ಫೋಟಾನುಗಳು ಮಾತ್ರ ಬಿದ್ದರೆ ಏರುಪೇರು 15; ನೂರಕ್ಕೆ ಸುಮಾರು ಏಳು. ಒಂದೇ ಸಮನಾದ ಗೋಡೆಯ ಮೇಲೆ ಆಗ ರವೆ ಚೆಲ್ಲಿದಂತೆ ಕಾಣುತ್ತದೆ. ಇದು ಯಂತ್ರದ ದೋಷವಲ್ಲ, ಬೆಳಕಿನ ಸ್ವಭಾವ. ಯಾವ ಕಾರ್ಖಾನೆಯೂ ಇದನ್ನು ನಿವಾರಿಸಲಾರದು. ಹೆಚ್ಚು ಬೆಳಕನ್ನು ಹಿಡಿಯುವುದೊಂದೇ ಇದಕ್ಕೆ ಮದ್ದು.

ಹಾಗಾದರೆ ಪಿಕ್ಸೆಲ್‌ಗಳನ್ನು ಹೆಚ್ಚಿಸಿದರೆ ಆಗುವ ಲಾಭವೇನು? 28 ಚದರ ಮಿಲಿಮೀಟರಿನಲ್ಲಿ 2 ಕೋಟಿ ಪಿಕ್ಸೆಲ್‌ಗಳನ್ನು ತುರುಕಿದರೆ ಒಂದೊಂದರ ಅಗಲ ಸುಮಾರು 1.2 ಮೈಕ್ರಾನು, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು. ಹಸಿರು ಬೆಳಕಿನ ತರಂಗದೂರವೇ ಸುಮಾರು 0.55 ಮೈಕ್ರಾನು. ಇಲ್ಲಿ ವಿವರ್ತನೆ ಅಡ್ಡಬರುತ್ತದೆ. ಕಿಂಡಿಯ ಮೂಲಕ ಹಾದುಬಂದ ಬೆಳಕು ಎಂದಿಗೂ ಚುಕ್ಕೆಯಾಗಿ ಕೂಡುವುದಿಲ್ಲ, ಪುಟ್ಟ ಬಿಲ್ಲೆಯಾಗಿ ಹರಡುತ್ತದೆ. ಆ ಬಿಲ್ಲೆಯ ವ್ಯಾಸವನ್ನು ಪಡೆಯಲು ತರಂಗದೂರವನ್ನು 2.44ರಿಂದಲೂ ಮಸೂರದ ಎಫ್-ಸಂಖ್ಯೆಯಿಂದಲೂ ಗುಣಿಸಬೇಕು. ಮಸೂರದ ಸಂಗಮದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವುದೇ ಎಫ್-ಸಂಖ್ಯೆ. ನಮ್ಮ ಕ್ಯಾಮರಾದಲ್ಲಿ ಅದು ಜೂಮನ್ನು ಚಾಚದಿರುವಾಗ 3.5, ಪೂರ್ತಿಯಾಗಿ ಚಾಚಿದಾಗ 6.3. ಬಿಲ್ಲೆಯ ವ್ಯಾಸ ಮೊದಲನೆಯದರಲ್ಲಿ 4.7 ಮೈಕ್ರಾನು, ಎರಡನೆಯದರಲ್ಲಿ 8.5 ಮೈಕ್ರಾನು. ಒಂದು ಬಿಂದುವಿನ ಬಿಂಬವೇ ನಾಲ್ಕು ಪಿಕ್ಸೆಲ್ ಅಗಲಕ್ಕೋ ಏಳು ಪಿಕ್ಸೆಲ್ ಅಗಲಕ್ಕೋ ಹರಡಿಕೊಂಡ ಮೇಲೆ ಪಿಕ್ಸೆಲ್‌ಗಳನ್ನು ಇನ್ನಷ್ಟು ನುಣ್ಣಗೆ ಅರೆದು ಪ್ರಯೋಜನವೇನು? ನಮ್ಮ ಅಭಿಪ್ರಾಯದಲ್ಲಿ ಈ ಗಾತ್ರದ ಸಂವೇದಕಕ್ಕೆ 1 ಕೋಟಿ ಪಿಕ್ಸೆಲ್‌ಗಳೇ ಧಾರಾಳವಾದುವು.

ಈಗ ಬಾದಾಮಿಯ ಆ ಸಂಜೆಯ ಲೆಕ್ಕವನ್ನು ಮಾಡಿನೋಡೋಣ. ಉರಿಬಿಸಿಲಿನಲ್ಲಿ ಬೆಳಕು 1 ಲಕ್ಷ ಲಕ್ಸ್‌ವರೆಗೂ ಏರುತ್ತದೆ. ಇಳಿಹೊತ್ತಿನ ಗುಹೆಯೊಳಗೆ 50 ಲಕ್ಸ್ ಇತ್ತೆಂದು ಇಟ್ಟುಕೊಳ್ಳೋಣ; ಎರಡು ಸಾವಿರ ಪಟ್ಟು ಕಡಮೆ. ನಮ್ಮ ಕಣ್ಣು ತಾನಾಗಿಯೇ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ನಮಗೆ ತಿಳಿಯುವುದೇ ಇಲ್ಲ. ಬಿಸಿಲಿನಲ್ಲಿ ಕ್ಯಾಮರಾಕ್ಕೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಸಾಕು. ಗುಹೆಯಲ್ಲಿ, ಜೂಮನ್ನು ಚಾಚಿದಾಗ, ಪೂರ್ತಿ 2 ಸೆಕೆಂಡು ಬೇಕು. ಅಷ್ಟು ಹೊತ್ತು ಕೈ ನಿಲ್ಲದೆಂದು ಕ್ಯಾಮರಾ ತನ್ನಷ್ಟಕ್ಕೆ ಐಎಸ್‌ಒ ಸಂಖ್ಯೆಯನ್ನು 100ರಿಂದ 1600ಕ್ಕೆ ಏರಿಸಿತು. ಐಎಸ್‌ಒ ಏರಿಸಿದರೆ ಬೆಳಕು ಹೆಚ್ಚುವುದಿಲ್ಲವೆಂಬುದನ್ನು ಗಮನಿಸಬೇಕು. ಹಿಡಿದ ಅಲ್ಪ ಬೆಳಕನ್ನೇ ವರ್ಧಿಸಿ ತೋರಿಸುತ್ತದೆ, ಅದರೊಡನೆ ರವೆಯನ್ನೂ. ಹೀಗೆ 2 ಸೆಕೆಂಡು ಹೋಗಿ ಸೆಕೆಂಡಿನ ಎಂಟರಲ್ಲಿ ಒಂದು ಭಾಗವಾಯಿತು.

ಅದಾದರೂ ಸಾಕಾಯಿತೇ? ಕೈಯಲ್ಲಿ ಹಿಡಿದು ಚಿತ್ರ ತೆಗೆಯುವವರಿಗೆ ಹಳೆಯದೊಂದು ಸೂತ್ರವಿದೆ. 35 ಮಿಲಿಮೀಟರ್ ಫಿಲ್ಮಿನ ಲೆಕ್ಕದಲ್ಲಿ ಸಂಗಮದೂರ ಎಷ್ಟು ಮಿಲಿಮೀಟರೋ, ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಕಿಂಡಿಯನ್ನು ತೆರೆದಿಡಬಾರದು. ನಮ್ಮ ಕ್ಯಾಮರಾದ ಸಂಗಮದೂರ ಆ ಲೆಕ್ಕದಲ್ಲಿ 24ರಿಂದ 720 ಮಿಲಿಮೀಟರು. ಪೂರ್ತಿ ಚಾಚಿದಾಗ 720ರಲ್ಲಿ ಒಂದು ಭಾಗ ಬೇಕಾಗಿದ್ದಲ್ಲಿ ನಾವು ಕೊಟ್ಟದ್ದು ಎಂಟರಲ್ಲಿ ಒಂದು, ತೊಂಬತ್ತು ಪಟ್ಟು ಹೆಚ್ಚು. ಕ್ಯಾಮರಾದೊಳಗಿನ ಅಲುಗಾಟನಿವಾರಕವು ಮಸೂರದ ಒಂದು ತುಣುಕನ್ನು ಕೈನಡುಕಕ್ಕೆ ಎದುರಾಗಿ ಸರಿಸಿ ಎಂಟು ಪಟ್ಟಿನಷ್ಟು ನೆರವಾಗಬಲ್ಲದು. ಉಳಿದ ಹನ್ನೊಂದು ಪಟ್ಟನ್ನು ತುಂಬಿಕೊಡುವವರು ಯಾರು?

ಇದಕ್ಕೆ ಬದಲಾಗಿ ಹತ್ತು ಹೆಜ್ಜೆ ಮುಂದೆ ನಡೆದುಹೋಗಿ, ಜೂಮನ್ನು ಮಡಚಿ ತೆಗೆದಿದ್ದರೆ? ಎಫ್-ಸಂಖ್ಯೆ 3.5 ಆಗಿ ಬೆಳಕು ಮೂರು ಪಟ್ಟಿಗಿಂತ ಹೆಚ್ಚಾಗುತ್ತಿತ್ತು. ಅದೇ ಐಎಸ್‌ಒ 1600ರಲ್ಲಿ ಸೆಕೆಂಡಿನ 26ರಲ್ಲಿ ಒಂದು ಭಾಗ ಸಾಕಾಗುತ್ತಿತ್ತು. ಸೂತ್ರದ ಪ್ರಕಾರ ಬೇಕಾದದ್ದು 24ರಲ್ಲಿ ಒಂದು. ಬರಿಗೈಯಲ್ಲಿ ಹಿಡಿದರೂ ಗುರುಗಳ ಮುಖ ಸ್ಪಷ್ಟವಾಗಿ ಮೂಡುತ್ತಿತ್ತು. ಅವರು ಮಾತು ಮುಗಿಸಿ ಆಚೆ ನಡೆದ ಮೇಲೆ ಶಾಸನವನ್ನು ಮಾತ್ರ ತೆಗೆಯಬೇಕಾದರೆ ಇನ್ನೂ ಉತ್ತಮವಾದ ದಾರಿಯಿತ್ತು. ಮಡಿಸಿದ ಟವಲೊಂದನ್ನು ನಮ್ಮ ಕೈಚೀಲದ ಮೇಲೆ ಹಾಸಿ, ಅದರ ಮೇಲೆ ಕ್ಯಾಮರಾವನ್ನಿಟ್ಟು, ಐಎಸ್‌ಒ 100ಕ್ಕೆ ಇಳಿಸಿ, ಎರಡು ಸೆಕೆಂಡಿನ ತಡೆಗುಂಡಿಯನ್ನು ಒತ್ತಿ ಕೈಬಿಡುವುದು. ಕಿಂಡಿ ಅರ್ಧ ಸೆಕೆಂಡಿಗೂ ತುಸು ಹೆಚ್ಚು ಹೊತ್ತು ತೆರೆದಿರುತ್ತದೆ; ಹದಿನಾರು ಪಟ್ಟು ಬೆಳಕು ಸೇರುತ್ತದೆ; ರವೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಕ್ಯಾಮರಾದ ಪುಟ್ಟ ಫ್ಲಾಷ್ ದೀಪವನ್ನು ನೆಚ್ಚಬಾರದೇ ಎಂದು ಕೇಳಬಹುದು. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. 4 ಮೀಟರಿಗೆ ಸಾಲುವ ದೀಪದ ಬೆಳಕು 40 ಮೀಟರಿನಲ್ಲಿ ನೂರರಲ್ಲಿ ಒಂದು ಪಾಲು. ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಅದರ ಒಂದು ಬದಿಯಲ್ಲಿ ನಿಂತು ಫ್ಲಾಷನ್ನು ಮಿಂಚಿಸುವ ಪ್ರವಾಸಿಗಳು ಎದುರಿನ ಗೋಡೆಯನ್ನಲ್ಲ, ನಡುವಿನ ಧೂಳನ್ನು ಬೆಳಗುತ್ತಾರೆ! ಅನೇಕ ವಸ್ತುಸಂಗ್ರಹಾಲಯಗಳಲ್ಲಿ ಅದಕ್ಕೆ ನಿಷೇಧವೂ ಉಂಟು. ಅದರ ನಿಜವಾದ ಉಪಯೋಗ ನಡುಹಗಲಿನಲ್ಲಿ. ನೆತ್ತಿಯ ಬಿಸಿಲಿಗೆ ಕಣ್ಣುಗಳ ಕೆಳಗೆ ಬೀಳುವ ಕರಿನೆರಳನ್ನು ಎರಡು ಮೀಟರು ದೂರದಿಂದ ಅದು ಚೆನ್ನಾಗಿ ತುಂಬಿಕೊಡುತ್ತದೆ.

ಚಿತ್ರವನ್ನು ಕೂಡಿಡುವ ವಿಧಾನದಲ್ಲಿ ನಮ್ಮ ನಾಡಿನವರೊಬ್ಬರ ಕೈವಾಡವಿರುವುದು ಅನೇಕರಿಗೆ ತಿಳಿಯದು. 2 ಕೋಟಿ ಪಿಕ್ಸೆಲ್‌ಗಳಿಗೆ ಮೂರು ಬಣ್ಣಗಳಂತೆ 6 ಕೋಟಿ ಸಂಖ್ಯೆಗಳಾದುವು. ಇವನ್ನು ಇದ್ದಂತೆಯೇ ಬರೆದಿಟ್ಟರೆ ಒಂದು ಚಿತ್ರಕ್ಕೆ 60 ಮೆಗಾಬೈಟು. ಆದರೆ ಕಾರ್ಡಿನಲ್ಲಿ ಅದು ಆರೇಳು ಮೆಗಾಬೈಟು ಮಾತ್ರ ಇರುತ್ತದೆ. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಅಲ್ಲಿಯೇ ಎಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ ಅವರು 1972ರಲ್ಲಿ ಇದಕ್ಕೊಂದು ಗಣಿತದ ಮಾರ್ಗವನ್ನು ಯೋಚಿಸಿ ಸಂಶೋಧನೆಗೆ ಧನಸಹಾಯ ಕೇಳಿದರು, ದೊರೆಯಲಿಲ್ಲ. ಆದರೂ ಕೆಲಸವನ್ನು ಬಿಡದೆ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡಗೂಡಿ 1974ರಲ್ಲಿ ಅದನ್ನು ಪ್ರಕಟಿಸಿದರು. ಎಂಟಕ್ಕೆಂಟರ ಚೌಕದಲ್ಲಿರುವ 64 ಸಂಖ್ಯೆಗಳನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆದು, ಕಣ್ಣಿಗೆ ಗೋಚರಿಸದಷ್ಟು ನವುರಾದ ಅಲೆಗಳನ್ನು ಕೈಬಿಡುವುದು ಇದರ ತಿರುಳು. 1992ರಲ್ಲಿ ರೂಪುಗೊಂಡ ‘ಜೆಪೆಗ್’ ಪದ್ಧತಿ ಇದರ ಮೇಲೆಯೇ ನಿಂತಿದೆ. ರವೆ ಹೆಚ್ಚಿದ್ದಾಗ ಕ್ಯಾಮರಾ ಅದನ್ನು ಮುಚ್ಚಲೆಂದು ಚಿತ್ರವನ್ನು ನುಣುಪು ಮಾಡುತ್ತದೆ. ಆಗ ನವುರಾದ ರವೆಯ ಜೊತೆಗೆ ನವುರಾದ ಅಕ್ಷರಗಳೂ ಅಳಿಸಿಹೋಗುತ್ತವೆ. ನಮ್ಮ ಶಾಸನಕ್ಕೆ ಬಂದ ಗತಿ ಇದೇ. ಜೆಪೆಗ್ ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದಷ್ಟೂ ನಷ್ಟ ಬೆಳೆಯುವುದರಿಂದ ಮೂಲವನ್ನು ಮುಟ್ಟದೆ ಪ್ರತಿಯನ್ನೇ ತಿದ್ದಬೇಕು.

ಇಷ್ಟೆಲ್ಲ ಏಕೆ, ಕೈಯಲ್ಲಿ ಫೋನು ಇಲ್ಲವೇ? ಪ್ರಶ್ನೆ ನ್ಯಾಯವಾದದ್ದು. 2010ರ ಸುಮಾರಿಗೆ ವರ್ಷಕ್ಕೆ ಹತ್ತು ಕೋಟಿಗೂ ಮಿಕ್ಕಿ ಮಾರಾಟವಾಗುತ್ತಿದ್ದ ಕಿಸೆಯ ಕ್ಯಾಮರಾಗಳನ್ನು ಫೋನುಗಳೇ ಮೂಲೆಗೊತ್ತಿದುವು. ಒಳ್ಳೆಯ ಫೋನು ಒಂದರ ಮೇಲೊಂದರಂತೆ ಹಲವು ಚಿತ್ರಗಳನ್ನು ತೆಗೆದು ಕೂಡಿಸಿ, ಬೆಳಕಿನ ಕೊರತೆಯನ್ನು ಗಣಿತದಿಂದ ತುಂಬಿಕೊಳ್ಳುತ್ತದೆ. ಅಂತಹ ಫೋನು ಇರುವವರು 28 ಚದರ ಮಿಲಿಮೀಟರಿನ ಹೊಸ ಕ್ಯಾಮರಾವನ್ನು ಕೊಳ್ಳುವುದಕ್ಕೆ ನಿಜವಾದ ಜೂಮಿನ ಹೊರತು ಬೇರೆ ಕಾರಣ ನಮಗೆ ಕಾಣದು. ಬಿಸಿಲಿನಲ್ಲಿ ದೂರದ ಹಕ್ಕಿಗೆ, ಗೋಪುರದ ತುದಿಯ ಶಿಲ್ಪಕ್ಕೆ ಅದು ಬೇಕು. ‘ಡಿಜಿಟಲ್ ಜೂಮ್’ ಎಂಬುದು ಜೂಮೇ ಅಲ್ಲ, ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದು ಅಷ್ಟೆ. ಕೊಂಡ ದಿನವೇ ಅದನ್ನು ನಿಲ್ಲಿಸಿಬಿಡಬೇಕು. ಹಣವಿದ್ದವರು ‘1 ಅಂಗುಲ’ವೆಂದು ಹೆಸರಾದ ಸಂವೇದಕವನ್ನು ಕೇಳಲಿ, ಅದರ ಕ್ಷೇತ್ರಫಲ 116 ಚದರ ಮಿಲಿಮೀಟರು, ನಾಲ್ಕು ಪಟ್ಟು. ಹಣವಿಲ್ಲದವರು ಅಣ್ಣನದೋ ಅಕ್ಕನದೋ ಹಳೆಯ ಕ್ಯಾಮರಾ ಮನೆಯ ಬೀರುವಿನಲ್ಲಿ ಬಿದ್ದಿದೆಯೇ ನೋಡಲಿ. 1 ಕೋಟಿ ಪಿಕ್ಸೆಲ್‌ಗಳ ಅಂತಹ ಕ್ಯಾಮರಾ ಕಲಿಯುವುದಕ್ಕೆ ಸಾಕಷ್ಟಾಯಿತು.

ಅದು ಸಿಕ್ಕಿದರೆ ಮೊದಲು ಗಡಿಯಾರವನ್ನು ಸರಿಪಡಿಸಿರಿ. ಇಲ್ಲವಾದರೆ ಪ್ರವಾಸದ ಚಿತ್ರಗಳ ಮೇಲೆಲ್ಲ ತಪ್ಪು ವರ್ಷ ದಾಖಲಾಗುತ್ತದೆ. ಸಮುದ್ರದ ದಂಡೆಯಲ್ಲಿ ಮಸೂರವನ್ನು ಚಾಚಿಟ್ಟು ಓಡಾಡಬೇಡಿರಿ. ಒಂದು ಮರಳಿನ ಕಣ ಸಿಕ್ಕಿಕೊಂಡರೆ ಅದು ಮತ್ತೆ ಮಡಚದು. ಸಂಜೆ ತಂಗುವ ಊರಿನಲ್ಲಿ ಆ ದಿನದ ಚಿತ್ರಗಳನ್ನು ಫೋನಿಗೋ ಇನ್ನೊಂದು ಕಾರ್ಡಿಗೋ ನಕಲು ಮಾಡಿಕೊಂಡು, ಒಂದನ್ನು ಕ್ಯಾಮರಾದಲ್ಲಿಯೂ ಮತ್ತೊಂದನ್ನು ಬೇರೆ ಚೀಲದಲ್ಲಿಯೂ ಇಡಿರಿ.