ಹಸುರು ಏಕೆ ಒಣಗಿತು?

ಯೂ, ಕೆಮೀಲಿಯ, ರೋಡೊಡೆಂಡ್ರನ್ ಮೊದಲಾದ ನಿತ್ಯಹರಿದ್ವರ್ಣದ ಗಿಡಗಳನ್ನು ತೋಟಗಳಲ್ಲಿ ಬೆಳೆಸುವುದು ಇಂಗ್ಲೆಂಡಿನಲ್ಲಿ ಹಳೆಯ ವಾಡಿಕೆ. ಚಳಿಗಾಲದಲ್ಲಿ ಸುತ್ತಲಿನ ಮರಗಳು ಎಲೆಯುದುರಿಸಿ ಬರಿದಾದಾಗಲೂ ಇವು ಹಸುರಾಗಿಯೇ ನಿಲ್ಲುತ್ತವೆ. ಇಪ್ಪತ್ತು ವರ್ಷ ಹೀಗೆ ನಿಂತ ಪೊದೆಯೊಂದು ಕೆಲವೇ ವಾರಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಸಾಯುವುದುಂಟು. ನೀರು ಸಾಲದೆಂದು ಬಗೆದ ಒಡೆಯನು ಕೊಡಗಟ್ಟಲೆ ನೀರೆರೆಯುತ್ತಾನೆ. ಎಷ್ಟೋ ವೇಳೆ ಆ ನೀರೇ ಅದಕ್ಕೆ ಮೃತ್ಯುವಾಗುತ್ತದೆ. ಇದು ಹೇಗೆ?

ಪೊದೆಯ ಒಳಭಾಗದ ಕೆಲವು ಎಲೆಗಳು ಹಣ್ಣಾಗಿ ಉದುರಿದರೆ ಅಂಜಬೇಕಾಗಿಲ್ಲ. ನಿತ್ಯಹರಿದ್ವರ್ಣದ ಎಲೆಗೂ ಆಯುಷ್ಯದ ಮಿತಿಯುಂಟು. ಚಳಿದೇಶಗಳಲ್ಲಿ ಮತ್ತೊಂದು ಕಾರಣವೂ ಇದೆ. ನೆಲದ ನೀರು ಹೆಪ್ಪುಗಟ್ಟಿದಾಗ ಬೇರು ಅದನ್ನು ಹೀರಲಾರದು. ಎಲೆಗಳು ಮಾತ್ರ ಬಿಸಿಲುಗಾಳಿಗೆ ನೀರನ್ನು ಕಳೆದುಕೊಳ್ಳುತ್ತಲೇ ಇರುತ್ತವೆ. ಆದರೆ ಇಡೀ ಗಿಡವೇ ಒಣಗಿದಾಗ ಕಾರಣವನ್ನು ಬಹುಮಟ್ಟಿಗೆ ಬೇರಿನಲ್ಲಿಯೇ ಹುಡುಕಬೇಕು.

ಬೇರು ನೀರು ಕುಡಿಯುವುದಷ್ಟೇ ಅಲ್ಲ, ಉಸಿರಾಡುತ್ತದೆ ಕೂಡ. ಮಣ್ಣಿನ ಕಣಗಳ ನಡುವಣ ಗಾಳಿಯಿಂದ ಅದು ಆಮ್ಲಜನಕವನ್ನು ಪಡೆಯುತ್ತದೆ. ನೀರು ಬಸಿದುಹೋಗದೆ ನಿಂತರೆ ಆ ಗಾಳಿ ಇಲ್ಲವಾಗಿ ಬೇರು ಉಸಿರುಗಟ್ಟುತ್ತದೆ. ಇಂಥ ತೇವದಲ್ಲಿಯೇ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಪ್ರಬಲಿಸುತ್ತದೆ. 1876ರಲ್ಲಿ ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ ಇಟ್ಟ ಈ ಹೆಸರಿಗೆ 'ಸಸ್ಯನಾಶಕ' ಎಂದರ್ಥ. ಹಿಂದೆ ಇದನ್ನು ಶಿಲೀಂಧ್ರವೆಂದೇ ಎಣಿಸಿದ್ದರು. ವಾಸ್ತವವಾಗಿ ಇದು ಕಂದು ಪಾಚಿಗಳಿಗೆ ಹತ್ತಿರದ ಬಂಧು. ಇದರ ಬೀಜಾಣುಗಳು ಮಣ್ಣಿನ ನೀರಿನಲ್ಲಿ ಈಜಿ ಬೇರನ್ನು ಸೇರಿ ಕೊಳೆಯಿಸುತ್ತವೆ.

ಬೇರು ಕೊಳೆತೊಡನೆ ಎಲೆ ಒಣಗುವುದಿಲ್ಲ. ಕ್ರಿಸ್‌ಮಸ್ ಹಬ್ಬಕ್ಕೆಂದು ಕಡಿದು ತಂದ ಸ್ಪ್ರೂಸ್ ಮರವು ಬೇರಿಲ್ಲದೆಯೂ ವಾರಗಟ್ಟಲೆ ಹಸುರಾಗಿರುವುದಿಲ್ಲವೇ? ಹಾಗೆಯೇ ಈ ಪೊದೆಗಳಲ್ಲಿಯೂ ದಪ್ಪ ಎಲೆಗಳು ರೋಗವನ್ನು ಬಹುಕಾಲ ಮರೆಮಾಡುತ್ತವೆ. ಬೇಸಗೆಯ ಬಿಸಿಲು ಏರಿ ನೀರಿನ ಬೇಡಿಕೆ ಹೆಚ್ಚಿದಾಗ ಅಳಿದುಳಿದ ಬೇರುಗಳು ಅದನ್ನು ಪೂರೈಸಲಾರವು. ಗಿಡ ಹಠಾತ್ತಾಗಿ ಸತ್ತಂತೆ ತೋರುತ್ತದೆ; ಅದರ ಸಾವು ಎಂದೋ ಆರಂಭವಾಗಿರುತ್ತದೆ.

ಈ ಶತ್ರುವಿನ ಒಂದು ಜಾತಿಯನ್ನು 1922ರಲ್ಲಿ ಸುಮಾತ್ರದ ದಾಲ್ಚಿನ್ನಿ ಮರಗಳಲ್ಲಿ ಗುರುತಿಸಲಾಯಿತು. ಪಶ್ಚಿಮ ಆಸ್ಟ್ರೇಲಿಯದ ಜಾರಾ ಕಾಡುಗಳನ್ನು ಹಾಳುಗೆಡವಿದುದೂ ಅದೇ ಎಂಬುದು 1960ರ ದಶಕದಲ್ಲಿ ಸಿದ್ಧವಾಯಿತು. ವಾಹನಗಳ ಚಕ್ರಗಳಿಗೆ ಅಂಟಿದ ಮಣ್ಣಿನೊಡನೆ ಅದು ಕಾಡಿನಿಂದ ಕಾಡಿಗೆ ಸಾಗಿತ್ತು. ನಮ್ಮ ಮಲೆನಾಡಿನ ಅಡಕೆಯ ಕೊಳೆರೋಗಕ್ಕೂ ಮೆಣಸಿನ ಬಳ್ಳಿಯ ಶೀಘ್ರ ಸೊರಗುರೋಗಕ್ಕೂ ಇದೇ ಕುಲದ ಜೀವಿಗಳು ಕಾರಣ.

ಗಿಡ ಸೊರಗಿದರೆ ಮೊದಲು ಬುಡದ ಮಣ್ಣನ್ನು ಕೆದಕಿ ನೋಡಬೇಕು. ಆರೋಗ್ಯವಂತ ಎಳೆಬೇರು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಪ್ಪಾಗಿ, ಬೆರಳು ತಾಕಿದರೆ ಸಿಪ್ಪೆ ಕಳಚುತ್ತದೆ. ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸುರಿದ್ದರೆ ಆ ರೆಂಬೆಯಲ್ಲಿ ಇನ್ನೂ ಜೀವವಿದೆ. ಆಗ ನೀರು ಬಸಿಯಲು ಕಾಲುವೆ ತೆಗೆಯಬೇಕು. ಕಾಂಡದ ಸುತ್ತ ಮಣ್ಣು ಪೇರಿಸಬಾರದು. ಪೂರ್ತಿ ಸತ್ತ ಗಿಡವನ್ನು ಬೇರುಸಹಿತ ಕಿತ್ತು, ಗುದ್ದಲಿಯನ್ನು ತೊಳೆದಿಡಬೇಕು. ಅಲ್ಲಿಯೇ ಅದೇ ಜಾತಿಯ ಗಿಡವನ್ನು ನೆಡಬಾರದು.

ನೀರೆರೆದ ಒಡೆಯನಿಗೆ ಗಿಡದ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಎಲೆಯನ್ನು ಕಂಡು ಮರುಗಿದ ಅವನು ಬೇರನ್ನು ವಿಚಾರಿಸಲಿಲ್ಲ. ಅಕ್ಕರೆಯೊಡನೆ ಅರಿವೂ ಕೂಡಿದಾಗ ಮಾತ್ರ ಆರೈಕೆ ಸಾರ್ಥಕವಾಗುತ್ತದೆ.