ಕಣ್ಣೆವೆಯ ಕಲಿಕೆ

ಕಣ್ಣಿಗೆ ಗಾಳಿ ಊದಿದೊಡನೆ ರೆಪ್ಪೆ ಮುಚ್ಚುವುದು ಅನೈಚ್ಛಿಕ ಕ್ರಿಯೆ. ಪ್ರತಿಸಲವೂ ಗಾಳಿಗೆ ಮುನ್ನ ಒಂದು ನಾದವನ್ನು ಕೇಳಿಸುತ್ತ ಹೋದರೆ, ಹಲವು ಆವೃತ್ತಿಗಳ ಬಳಿಕ ಗಾಳಿ ಸೋಕುವ ಮೊದಲೇ, ನಾದಕ್ಕೇ ರೆಪ್ಪೆ ಮುಚ್ಚತೊಡಗುತ್ತದೆ. ರಷ್ಯದ ಪಾವ್ಲೋವ್ ನಾಯಿಗಳಲ್ಲಿ ತೋರಿಸಿದ ಅಭಿಜಾತ ಅನುಬಂಧನವೇ ಇಲ್ಲಿ ಮನುಷ್ಯರಲ್ಲಿ ಕಾಣುತ್ತದೆ. ಈ ಕಲಿಕೆಯ ಮೇಲೆ ಪ್ರಭಾವ ಬೀರುವ ಅಂಶಗಳು ಶಿಕ್ಷಕರಿಗೂ ವಿಚಾರಾರ್ಹವಾಗಿವೆ.

ಮೊದಲನೆಯದು ಕಾಲದ ಅಂತರ. ನಾದ ಆರಂಭವಾಗಿ ಸುಮಾರು ಅರ್ಧ ಸೆಕೆಂಡಿಗೆ ಗಾಳಿ ಬಂದರೆ ಕಲಿಕೆ ಸುಗಮ. ಎರಡೂ ಒಟ್ಟಿಗೇ ಬಂದರೆ, ಇಲ್ಲವೆ ಅಂತರ ಬಹಳ ಹೆಚ್ಚಿದರೆ ಅದು ಕುಂಠಿತವಾಗುತ್ತದೆ. ಎರಡನೆಯದು ಗಾಳಿಯ ಬಲ. ಬಲ ಹೆಚ್ಚಿದಂತೆ ಪ್ರತಿಕ್ರಿಯೆಯೂ ಹೆಚ್ಚುತ್ತದೆ. ಮೂರನೆಯದು ವಯಸ್ಸು, ವೃದ್ಧರು ತರುಣರಿಗಿಂತ ನಿಧಾನವಾಗಿ ಕಲಿಯುತ್ತಾರೆ.

ನಾಲ್ಕನೆಯದು ಅರಿವು. ನಾದವು ಗಾಳಿ ಬರುವವರೆಗೂ ಮುಂದುವರಿದರೆ, ಅವೆರಡರ ಸಂಬಂಧವನ್ನು ಗಮನಿಸದವರೂ ಕಲಿಯಬಲ್ಲರು. ಈ ಕಲಿಕೆಗೆ ಕಿರುಮೆದುಳು ಮುಖ್ಯ ಆಧಾರ. ನಾದ ನಿಂತು, ತುಸು ಮೌನದ ಅನಂತರ ಗಾಳಿ ಬಂದರೆ ಆ ಮೌನವನ್ನು ನೆನಪು ದಾಟಬೇಕಾಗುತ್ತದೆ. ನಾದದ ಹಿಂದೆ ಗಾಳಿ ಬರುತ್ತದೆಂಬ ಅರಿವುಳ್ಳವರೇ ಇದನ್ನು ಕಲಿತರೆಂದು ಅಮೆರಿಕದ ಕ್ಲಾರ್ಕ್ ಮತ್ತು ಸ್ಕ್ವೈರ್ 1998ರಲ್ಲಿ ವರದಿ ಮಾಡಿದರು.

ಐದನೆಯದು ಮನಸ್ಸಿನ ಕಳವಳ. ಅಮೆರಿಕದ ಜಾನೆಟ್ ಟೇಲರ್ 1951ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ಕಳವಳವುಳ್ಳವರ ರೆಪ್ಪೆಗಳು ಇತರರಿಗಿಂತ ಬೇಗ ಕಲಿತವು. ಇಷ್ಟನ್ನೇ ಓದಿದವರು ಭಯವೇ ಉತ್ತಮ ಗುರುವೆಂದು ಭಾವಿಸಬಹುದು. ಆದರೆ ಟೇಲರ್ ಮತ್ತು ಕೆನೆತ್ ಸ್ಪೆನ್ಸ್ ಮುಂದೆ ನಡೆಸಿದ ಪ್ರಯೋಗಗಳಲ್ಲಿ, ಹಲವು ಉತ್ತರಗಳ ನಡುವೆ ಸರಿಯಾದುದನ್ನು ಆರಿಸಬೇಕಾದ ಜಟಿಲ ಪಾಠಗಳಲ್ಲಿ ಅಂಥ ಕಳವಳವುಳ್ಳವರೇ ಹೆಚ್ಚು ತಪ್ಪು ಮಾಡಿದರು. ಕಳವಳವು ಸರಿಯಾದ ಉತ್ತರದೊಂದಿಗೆ ತಪ್ಪು ಉತ್ತರಗಳನ್ನೂ ಪ್ರಬಲಗೊಳಿಸುತ್ತದೆಂಬುದು ಅವರ ವಿವರಣೆ.

ರೆಪ್ಪೆಯ ಮುಂದೆ ಇರುವುದು ಒಂದೇ ದಾರಿ. ಗಣಿತದ ಲೆಕ್ಕವನ್ನೋ ವ್ಯಾಕರಣದ ಸೂತ್ರವನ್ನೋ ಬಿಡಿಸುವ ಬಾಲಕನ ಮುಂದೆ ಹಲವು ದಾರಿಗಳಿರುತ್ತವೆ. ಬೆತ್ತ ಕಂಡೊಡನೆ ತರಗತಿ ಸ್ತಬ್ಧವಾದರೆ ಅದನ್ನು ವಿದ್ಯೆಯ ಗುರುತೆಂದು ಎಣಿಸಲಾಗದು; ಅಲ್ಲಿ ಕಲಿತಿರುವುದು ರೆಪ್ಪೆ ಮಾತ್ರ. ಸಕಾಲದಲ್ಲಿ ತಿದ್ದುವುದು, ಅರಿವು ಮೂಡುವವರೆಗೆ ತಾಳ್ಮೆಯಿಂದ ಕಾಯುವುದು, ಅಭಯ ನೀಡುವುದು—ಬುದ್ಧಿಯ ಕಲಿಕೆಗೆ ಬೇಕಾದುದು ಇವು.